ಹೈಫಾ ಬೆಟ್ಟ ಹತ್ತಿದ ಮೈಸೂರು ಕುದುರೆ

ಡೆಲ್ಲಿಗೆ ಹೋದೋರು ತೀನ್‌ಮೂರ್ತಿ ನೋಡಿರ್ತೀರಿ ಕಣ್ರವ್ವಾ. ಆ ಮೂರರಲ್ಲಿ ಒಬ್ಬ ನಮ್ಮ ಮೈಸೂರಿನೋನು, ಮಿಕ್ಕೋರು ಜೋಧಪುರ, ಹೈದರಾಬಾದಿನೋರು.

1918ರ ಸೆಪ್ಟೆಂಬರ್ 23. ಹೈಫಾ ಬಂದರು ತುರ್ಕರ ಕೈಲಿತ್ತು. ಒಂದು ಮಗ್ಗುಲಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದಕ್ಕೆ ಕಿಶೋನ್ ಹೊಳೆ, ನಡುವೆ ಇಕ್ಕಟ್ಟು ದಾರಿ. ಬೆಟ್ಟದ ಮೇಲಿಂದ ಫಿರಂಗಿ ಹೊಡೀತಿದ್ರೆ ಆ ದಾರೀಲಿ ನುಗ್ಗೋದೆಂಗೆ? ಅದಕ್ಕೇ ಮೈಸೂರು ಲ್ಯಾನ್ಸರ್ಸ್ ತುಕಡಿನ ಬಳಸುದಾರೀಲಿ ಬೆಟ್ಟ ಹತ್ತಿಸಿದ್ರು. ಈಟಿ ಹಿಡ್ಕಂಡೇ ಫಿರಂಗಿ ಮೇಲೆ ಬಿದ್ರು, ಹಿಡಿದೇಬಿಟ್ರು! ಕೆಳಗೆ ಹೊಳೆದಂಡೆ ಉಸುಕಲ್ಲಿ ಕುದುರೆ ಹೂತ್ಕಂಡ್ರೂ ಜೋಧಪುರದೋರು ಊರೊಳಕ್ಕೆ ನುಗ್ಗಿದ್ರು. 1,350 ಜನ ಸೆರೆಸಿಕ್ಕರು.

ಹೊಗಳಿಕೆ ಮಾತ್ರ ಜೋಧಪುರಕ್ಕೇ ಜಾಸ್ತಿ. ಅಡುಗೆ ಮಾಡಿದೋಳನ್ನ ಬಿಟ್ಟು ಬಡಿಸಿದೋಳನ್ನ ಹೊಗಳ್ದಂಗೆ! ಬೆಂಗಳೂರಿನ ಜೆ.ಸಿ. ನಗರದ ಕಡೆ ನಮ್ಮೋರ ಸ್ಮಾರಕ ಐತೆ. ನೆಂಟರ ಮನೆಗೆ ಹೋದಾಗ ಮಕ್ಕಳಿಗೂ ತೋರ್ಸಿ.