ಮನೆಯ ಕಣ್ಣು: ಕನಕಗಿರಿಯ ಒಂದು ಕಿಟಕಿಯ ನೆಪದಲ್ಲಿ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ಹಂಪಿಯ ವಿಸ್ತಾರವನ್ನು ನಡೆದು ತೀರಿಸಬೇಕು. ಕನಕಗಿರಿಯ ಸೊಬಗನ್ನು ನಿಂತು ನೋಡಬೇಕು. ವಿಜಯನಗರದ ಅಧೀನದಲ್ಲಿದ್ದ ಕನಕಗಿರಿಯ ನಾಯಕರು ಬೆಳೆಸಿದ ಕನಕಾಚಲಪತಿ ದೇವಾಲಯದ ಕಂಬಗಳು, ಗಾರೆಯ ಮೂರ್ತಿಗಳು ಈ ಮಾತಿಗೆ ಸಾಕ್ಷಿಯಾಗಿವೆ. ಆದರೆ ಗಾದೆಯೊಳಗಿನ ಈ ‘ನೋಟ’ ಗುಡಿಯ ಪ್ರಾಕಾರಕ್ಕೇ ನಿಂತುಬಿಡುತ್ತದೆ. ಗುಡಿಯ ಸುತ್ತಣ ಓಣಿಗಳ ಹಳೆಯ ಮನೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

ಇದು ನನಗೆ ಹೊಳೆದದ್ದು ಕಳೆದ ಜಾತ್ರೆಯ ಸಂದರ್ಭದಲ್ಲಿ. ಕನಕಗಿರಿಯ ಹಿರಿಯ ಬಂಧುಗಳೊಬ್ಬರು ತಮ್ಮ ತಾತನ ಕಾಲದ ಮಾಳಿಗೆ ಮನೆಯ ಬೀದಿ ಬದಿಯ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ಕಿಟಕಿ ಹಾಕಿಸಲು ಮುಂದಾಗಿದ್ದರು. ಸಾಗವಾನಿಯ ಕದಗಳಿಗೆ ಗೆದ್ದಲು ಹತ್ತಿತ್ತು, ಪಡಸಾಲೆಯಲ್ಲಿ ಓದುವ ಮೊಮ್ಮಗಳಿಗೆ ಬೆಳಕು ಸಾಲುತ್ತಿರಲಿಲ್ಲ. ನಾನು ಅಧ್ಯಾಪಕನ ಅಭ್ಯಾಸಬಲದಿಂದ ಪರಂಪರೆ, ಇತಿಹಾಸ ಎಂದೆಲ್ಲ ಹೇಳತೊಡಗಿದಾಗ ಅವರು ನಕ್ಕು, “ತಮ್ಮಾ, ಕಣ್ಣಿದ್ದವ್ರು ಬಂದು ನೋಡೂದು ಗುಡೀನ. ನಮ್ಮನಿ ಕಿಡಕಿ ಯಾರು ನೋಡ್ತಾರ?” ಎಂದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಮೊದಲು ಪದಗಳನ್ನೇ ನೋಡೋಣ. ಗೋ ಮತ್ತು ಅಕ್ಷ ಸೇರಿ ‘ಗವಾಕ್ಷ’ವಾಗುವುದು ಸಂಧಿಪಾಠದ ಪರಿಚಿತ ಉದಾಹರಣೆ, ಅದರ ಅರ್ಥ ಹಸುವಿನ ಕಣ್ಣು. ಅಮರಕೋಶವು ಇದನ್ನು ‘ವಾತಾಯನ’ದೊಡನೆ ಪರ್ಯಾಯಪದವಾಗಿ ಹೇಳುತ್ತದೆ. ಒಂದು ಹೆಸರು ನೋಟದಿಂದ, ಇನ್ನೊಂದು ಗಾಳಿಯಿಂದ ಬಂದಿದೆ. ಅಚ್ಚಗನ್ನಡದ ‘ಕಿಂಡಿ’ಯು ಬರಿಯ ತೆರಪನ್ನು ಸೂಚಿಸುತ್ತದೆ, ಉಡುಪಿಯ ಕನಕನ ಕಿಂಡಿಯಲ್ಲಿ ಆ ಪದ ಭಕ್ತಿಯ ಎತ್ತರಕ್ಕೇರಿದೆ. ‘ಕಿಟಕಿ’ ಅಥವಾ ನಮ್ಮ ಭಾಗದ ‘ಕಿಡಕಿ’ ಹಿಂದಿ-ಮರಾಠಿಗಳ ‘ಖಿಡಕಿ’ಯ ಬಳಗಕ್ಕೆ ಸೇರಿದ್ದು. ಕರಾವಳಿಯ ‘ಜನೆಲು’ ಪೋರ್ಚುಗೀಸರ ‘ಜನೆಲ’. ಹೊಸ ಬಗೆಯ ತೆರಪು ಬಂದಾಗಲೆಲ್ಲ ಹೊಸ ಪದವೂ ಬಂದಿರುವುದು ಸಹಜ. ಹಾಗಾಗಿ ಕಿಟಕಿಯ ಬದಲಾವಣೆ ಎಂಬುದು ಇಂದಿನ ಅಪಚಾರವೇನಲ್ಲ. ಮನೆಯ ಚರಿತ್ರೆಯುದ್ದಕ್ಕೂ ನಡೆದುಬಂದದ್ದು.

ಬಂಧುಗಳ ಪ್ರಶ್ನೆಗೆ ನಿಜವಾದ ಉತ್ತರ ಗುಡಿಯ ಮೇಲೆಯೇ ಇದೆ. ನಮ್ಮ ದೇವಾಲಯಗಳ ಕಪೋತದಂಚಿನಲ್ಲಿ, ಶಿಖರದ ಅಂತಸ್ತುಗಳಲ್ಲಿ ಕುದುರೆಲಾಳದ ಆಕಾರದ ಪುಟ್ಟ ಕಮಾನುಗಳು ಸಾಲಾಗಿ ಕಾಣುತ್ತವೆ. ಶಿಲ್ಪಶಾಸ್ತ್ರದಲ್ಲಿ ಇವನ್ನು ಕೂಡು, ನಾಸಿ, ಗವಾಕ್ಷ ಎಂದು ಕರೆಯುತ್ತಾರೆ. ಇವುಗಳಿಂದ ಗಾಳಿಯೂ ಬರುವುದಿಲ್ಲ, ಬೆಳಕೂ ಬರುವುದಿಲ್ಲ. ಮರದ ತೊಲೆ ಬಾಗಿಸಿ ಹುಲ್ಲು ಹೊದಿಸಿದ ಪ್ರಾಚೀನ ಕಟ್ಟಡಗಳ ಕಿಟಕಿಯ ನೆನಪು ಇಲ್ಲಿ ಕಲ್ಲಾಗಿ ಉಳಿದಿದೆ. ಬಿಹಾರದ ಬರಾಬರ್ ಬೆಟ್ಟದಲ್ಲಿರುವ ಮೌರ್ಯಕಾಲದ ಲೋಮಶ ಋಷಿ ಗುಹೆಯ ಮುಖದ್ವಾರದಲ್ಲಿ ಮರದ ಕಟ್ಟಡವನ್ನು ಅದರ ತೊಲೆತುದಿಗಳ ಸಮೇತ ಬಂಡೆಯಲ್ಲಿ ಅನುಕರಿಸಿರುವುದನ್ನು ಕಾಣಬಹುದು. ಆ ಮರದ ಕಟ್ಟಡಗಳಾವುವೂ ಇಂದಿಲ್ಲ. ಅವುಗಳ ಕಿಟಕಿಯನ್ನು ಯಾರು ನೋಡಿದರು ಎಂದರೆ, ಗುಡಿ ಕಟ್ಟಿದ ಶಿಲ್ಪಿ ನೋಡಿದ. ನಾವಿಂದು ಕಲ್ಲಿನ ಪ್ರತಿಯನ್ನು ಕಾಯುತ್ತಿದ್ದೇವೆ. ಮೂಲಪ್ರತಿ ಎಂದೋ ಕಳೆದುಹೋಗಿದೆ. ಹಸ್ತಪ್ರತಿಗಳನ್ನು ಬಲ್ಲವರಿಗೆ ಈ ನಷ್ಟವನ್ನು ವಿವರಿಸಬೇಕಿಲ್ಲ.

ಗುಡಿಗೂ ಮನೆಗೂ ಇರುವ ಗೆರೆ ನಾವು ಭಾವಿಸುವಷ್ಟು ಗಟ್ಟಿಯಾದದ್ದಲ್ಲ. ಬಾದಾಮಿ ಚಾಲುಕ್ಯರ ಕಾಲದ, ಐಹೊಳೆಯ ಲಾಡಖಾನ್ ದೇವಾಲಯದ ಗೋಡೆಗಳಲ್ಲಿ ಬಗೆಬಗೆಯ ವಿನ್ಯಾಸದ ಕಲ್ಲಿನ ಜಾಲಾಂಧ್ರಗಳಿವೆ. ಆ ಗುಡಿಗೆ ಈಗಿನ ಹೆಸರು ಬಂದದ್ದು ಮುಂದೊಂದು ಕಾಲದಲ್ಲಿ ಅದನ್ನು ಮನೆ ಮಾಡಿಕೊಂಡಿದ್ದ ಲಾಡಖಾನ್ ಎಂಬಾತನಿಂದ. ದೇವರಿಗೆಂದು ಕೊರೆದ ಜಾಲಾಂಧ್ರ ಒಂದು ಸಂಸಾರಕ್ಕೂ ಗಾಳಿ ಬೆಳಕು ಕೊಟ್ಟಿತು.

ಇನ್ನು ಮಾಳಿಗೆ ಮನೆಯ ಕಿಟಕಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಜಂತಿಗಳ ಮೇಲೆ ಮಣ್ಣು ಹಾಸಿದ ಸಮತಟ್ಟಾದ ಮಾಳಿಗೆ, ಅದರ ನಡುವೆ ಬೆಳಕಿಂಡಿ: ಇದು ಬಯಲುಸೀಮೆಯ ಮನೆಯ ಕ್ರಮ. ಬೆಳಕು ಮುಖ್ಯವಾಗಿ ಮೇಲಿನಿಂದ ಬರುತ್ತದೆ. ಬೀದಿಯ ಕಿಟಕಿ ಚಿಕ್ಕದಾಗಿರುವುದು ಬಡತನದಿಂದಲ್ಲ, ಬೇಸಗೆಯ ಉರಿಯಿಂದ. ಗೋಡೆಯ ದಪ್ಪದೊಳಗೆ ಹಿಂದೆ ಸರಿದು ಕುಳಿತ ಚೌಕಟ್ಟಿಗೆ ಗೋಡೆಯೇ ನೆರಳಾಗುತ್ತದೆ. ಮೇಲುಗದ ತೆರೆದು ಕೆಳಗದ ಮುಚ್ಚಿದರೆ ಗಾಳಿಯೂ ಬರುತ್ತದೆ, ಮರೆಯೂ ಉಳಿಯುತ್ತದೆ. ಗೋಡೆ ಏರಿಸುವಾಗಲೇ ಕೂರಿಸಿದ ಚೌಕಟ್ಟನ್ನು ಕೀಳುವಾಗ ಸುತ್ತಲ ಮಣ್ಣಗಾರೆ ಸಡಿಲವಾಗುತ್ತದೆ. ಅದನ್ನು ಸಿಮೆಂಟಿನಿಂದ ಮುಚ್ಚಿದರೆ ಮಣ್ಣಿನ ಗೋಡೆಯ ತೇವ ಹೊರಹೋಗದೆ ಒಳಗೇ ಉಳಿಯುತ್ತದೆ. ಹೊಸ ಕಿಟಕಿ ಹಳೆಯ ಗೋಡೆಯನ್ನು ತಿನ್ನುವುದು ಹೀಗೆ.

ಕಾನೂನು ಏನನ್ನುತ್ತದೆ? ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮುಂಚಿನಿಂದ ಇರುವ ಮನೆಯ ದುರಸ್ತಿ, ನವೀಕರಣಗಳಿಗೆ ಅನುಮತಿ ಪಡೆಯಬೇಕು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಂಥ ಸ್ಮಾರಕಗಳ ನೆರೆಹೊರೆಗೆ ಇದು ಅನ್ವಯಿಸುತ್ತದೆ. ಆನೆಗೊಂದಿಯೂ ಒಳಗೊಂಡ ಹಂಪಿ ಪ್ರದೇಶಕ್ಕೆ 2002ರ ಅಧಿನಿಯಮದಿಂದ ಪ್ರತ್ಯೇಕ ಪ್ರಾಧಿಕಾರವಿದೆ. ಇವೆಲ್ಲ ಅಗತ್ಯವೇ. ಆದರೆ ಮೀಟರಿನ ಅಳತೆ ಸ್ಮಾರಕದಿಂದ ಆರಂಭವಾಗುತ್ತದೆ. ಅಲ್ಲಿ ಮನೆಯೆಂದರೆ ಸ್ಮಾರಕದ ಸುತ್ತಲಿನ ವಸ್ತು. ಅದರ ಕಿಟಕಿಗೆ ತನ್ನದೇ ಚರಿತ್ರೆಯಿದೆ ಎಂಬುದು ಈ ಅಳತೆಗೆ ಸಿಗುವುದಿಲ್ಲ.

ಇನ್ನೊಂದು ತುದಿಯನ್ನೂ ಮರೆಯಲಾಗದು. ಹಂಪಿ ಬಜಾರಿನ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆಯೆಬ್ಬಿಸಿ, ಬಾಗಿಲು ಕಿಟಕಿಗಳನ್ನಿಟ್ಟು ಬದುಕಿದ್ದ ಸಂಸಾರಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಮಂಟಪಗಳು ಮತ್ತೆ ಬಯಲಾದವು. ಅಲ್ಲಿನ ಒಂದು ಜೀವಂತ ಪೇಟೆ ಇಲ್ಲವಾಯಿತು. ಸ್ಮಾರಕ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಾಸಿಸುವವರ ಗಾಳಿ ಬೆಳಕಿನ ಅಗತ್ಯವನ್ನು ಅಪರಾಧದಂತೆ ಕಂಡರೆ ಜನ ಪರಂಪರೆ ಎಂಬ ಮಾತಿಗೇ ಹೆದರುತ್ತಾರೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಎಣಿಕೆಯ ಮೇಲೆ ತೆರಿಗೆಯಿತ್ತು. ಜನ ಇಟ್ಟಿಗೆಯಿಟ್ಟು ಕಿಟಕಿ ಮುಚ್ಚಿ ಕತ್ತಲಲ್ಲಿ ಬದುಕಿದರು. ವಾಸಿಸುವವರ ಮೇಲೆ ಹೊರೆ ಹೊರಿಸುವ ನಿಯಮ ಮನೆಯ ಕಣ್ಣನ್ನೇ ಮುಚ್ಚಿಸಬಲ್ಲದು.

ಹಾಗಾದರೆ ದಾರಿ ಯಾವುದು? ಬಂಧುಗಳ ಮನೆಯಲ್ಲಿ ನಡೆದುದನ್ನಷ್ಟೇ ಹೇಳುತ್ತೇನೆ. ಊರಿನ ಬಡಿಗೇರರೊಬ್ಬರು ಬಂದು ಉಳಿಯ ತುದಿಯಿಂದ ಚೌಕಟ್ಟನ್ನು ತಟ್ಟಿ ನೋಡಿ, ಗೆದ್ದಲು ಕದಗಳನ್ನಷ್ಟೇ ತಿಂದಿದೆ, ಚೌಕಟ್ಟು ಗಟ್ಟಿಯಿದೆ ಎಂದರು. ಬೀದಿಯ ಎರಡು ಕಿಟಕಿಗಳಲ್ಲಿ ಚೌಕಟ್ಟು, ಸರಳು ಹಾಗೆಯೇ ಉಳಿದು ಕದಗಳು ಮಾತ್ರ ಹೊಸವಾದವು. ಮಾಳಿಗೆಯ ಮೇಲೆ ತಗಡು ಮುಚ್ಚಿದ್ದ ಬೆಳಕಿಂಡಿಗೆ ಗಾಜು ಬಂದು ಪಡಸಾಲೆಯಲ್ಲಿ ಬೆಳಕು ತುಂಬಿತು. ಹಿತ್ತಿಲ ಅಡುಗೆಮನೆಗೆ ಮಾತ್ರ ಅಲ್ಯೂಮಿನಿಯಂ ಕಿಟಕಿಯೇ ಬಂತು; ಅಲ್ಲಿ ಹೊಗೆಯುಂಡವರ ಮಾತು ನಡೆಯಬೇಕಾದದ್ದೇ ನ್ಯಾಯ.

ಎಲ್ಲ ಮನೆಗಳಲ್ಲೂ ಹೀಗಾಗದು. ಹಲವು ಕಿಟಕಿಗಳು ಹೋಗಿಯೇ ಹೋಗುತ್ತವೆ. ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ 1926ರ ಗ್ರಂಥದಲ್ಲಿ ಇಟಗಿಯೂ ಸೇರಿದಂತೆ ಅನೇಕ ಗುಡಿಗಳನ್ನು ದಾಖಲಿಸಿಕೊಟ್ಟರು. ಮನೆಗಳಿಗೆ ಅಂಥ ದಾಖಲೆ ಬೇಕಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಮ್ಮ ವಿದ್ಯಾರ್ಥಿಗಳು ತಮ್ಮ ಓಣಿಯ ಒಂದೊಂದು ಹಳೆಯ ಕಿಟಕಿಯ ಉದ್ದಗಲ, ಗೋಡೆಯ ದಪ್ಪ, ಮರದ ಜಾತಿ, ಬಡಿಗೇರರು ಅದರ ಅಂಗಾಂಗಗಳಿಗೆ ಇಟ್ಟಿರುವ ಹೆಸರುಗಳನ್ನು ಬರೆದಿಡಲಿ. ಶಾಸನದ ಪಡಿಯಚ್ಚು ತೆಗೆಯುವಷ್ಟೇ ಎಚ್ಚರದಿಂದ ಆ ಕೆಲಸ ನಡೆಯಲಿ. ಬಂಧುಗಳ ಹಳೆಯ ಕದವೊಂದು ಈಗ ನನ್ನ ಅಧ್ಯಯನದ ಕೋಣೆಯಲ್ಲಿದೆ. ಅದರ ಅಗಣಿಗೆ ಏನೆನ್ನುತ್ತಿದ್ದರೆಂದು ಆ ಬಡಿಗೇರರನ್ನು ಮುಂದಿನ ಜಾತ್ರೆಯಲ್ಲಿ ಕೇಳಬೇಕು.