ಕಾರ್ಣಿಕ, ಕರಣಿಕ, ಕಂಪ್ಯೂಟರ

ಕಂಪ್ಯೂಟರ್ ಕೆಲಸದಾಗ ಅದೀನಿ ಅಂತ ಮನಿಯೋರು, ಓಣಿಯೋರು ನನಗ ಎರಡು ಪ್ರಶ್ನೆ ಕೇಳ್ತಿರ್ತಾರ. ಚಿಗವ್ವಂದು ಒಂದು: "ಪಹಣಿ ಈಗ ಕಂಪ್ಯೂಟರಿನಾಗ ಬರ್ತೈತಲ್ಲವ್ವಾ, ಇನ್ನ ತಪ್ಪು ಇರಂಗಿಲ್ಲ ಹೌದಿಲ್ಲೊ?" ಎದುರು ಮನಿ ಅಕ್ಕಂದು ಇನ್ನೊಂದು: "ಫೋನಿನಾಗ ಹಿಂಗ ಬಂದೈತಿ ನೋಡು, ಇದು ಖರೇ ಏನು?" ಎರಡೂ ಬ್ಯಾರೆ ಬ್ಯಾರೆ ಕಂಡ್ರೂ ಉತ್ತರ ಒಂದೇ ಐತಿ. ಅದನ್ನ ಹೇಳಬೇಕಂದ್ರ ಸ್ವಲ್ಪ ಹಿಂದಕ್ಕ ಹೋಗಬೇಕು, ಮೈಲಾರದಿಂದನ ಸುರು ಮಾಡಬೇಕು.

ಕಾರ್ಣಿಕ

ಮೈಲಾರ ಜಾತ್ರಿ ಬಗ್ಗೆ ನಿಮಗ ನಾನು ಹೇಳಬೇಕಾಗಿಲ್ಲ. ಬುತ್ತಿ ಕಟಗೊಂಡು, ಬಂಡಿ ಹೂಡಿಕೊಂಡು ಹೋಗಿ ಬಂದೋರು ನೀವು. ಭಾರತ ಹುಣ್ಣಿಮಿ ಹೊತ್ತಿಗೆ ಡೆಂಕನ ಮರಡಿ ತುಂಬ ಲಕ್ಷಗಟ್ಟಲೆ ಮಂದಿ, ಎಲ್ಲಿ ನೋಡಿದ್ರೂ ಭಂಡಾರದ ಹಳದಿ, ಏಳು ಕೋಟಿ ಅನ್ನೋ ಕೂಗು. ದಿನಗಟ್ಟಲೆ ಉಪವಾಸ ಇದ್ದ ಗೊರವಯ್ಯನೋರು ಎತ್ತರದ ಬಿಲ್ಲು ಏರಿ "ಸದ್ದಲೇ" ಅಂದ ಕೂಡ್ಲೆ ಅಷ್ಟೂ ಮಂದಿ ಗಪ್ ಆಗ್ತಾರ. ಆಮ್ಯಾಲ ಬರೋದು ಒಂದೇ ಸಾಲು. ಹೇಳಿ ಅಲ್ಲಿಂದನ ಕೆಳಗ ಬೀಳ್ತಾರ, ಕೆಳಗ ನಿಂತೋರು ಹಿಡೀತಾರ.

ಭಕ್ತಿ ಅವರವರಿಗೆ ಬಿಟ್ಟದ್ದು. ಸುದ್ದಿ ಹೆಂಗ ಊರಿಂದ ಊರಿಗೆ ಹೋಗ್ತೈತಿ ಅನ್ನೋದೇ ನನ್ನ ಕೆಲಸ ಆಗಿದ್ದಕ್ಕ, ನನ್ನ ಕಣ್ಣಿಗೆ ಅಲ್ಲಿ ನಾಕು ಸಂಗತಿ ಕಾಣ್ತಾವ. ಹೇಳಿದೋರು ಯಾರು ಅನ್ನೋದು ಎಲ್ಲರಿಗೂ ಕಾಣ್ತೈತಿ; ಬಿಲ್ಲಿನ ಮ್ಯಾಲ ನಿಂತೋರ ಮುಖ ಮುಚ್ಚಿರಂಗಿಲ್ಲ. ಯಾವಾಗ, ಎಲ್ಲಿ ಅನ್ನೋದು ಗೊತ್ತಿರ್ತೈತಿ. ವರ್ಷಕ್ಕ ಒಂದು ದಿನ, ಒಂದು ಜಾಗ. ಎಲ್ಲರೂ ಕೂಡೇ ಕೇಳಿಸಿಕೊಂಡಿರೋದ್ರಿಂದ ಯಾರೂ ಆ ಸಾಲು ತಿರುವಿ ಹಾಕಾಕ ಆಗಂಗಿಲ್ಲ. ಕಡೀ ಸಂಗತಿ ದೊಡ್ಡದು: ಮಾತು ಬ್ಯಾರೆ, ಅರ್ಥ ಬ್ಯಾರೆ. ಒಕ್ಕಲಿಗ ಅದರಾಗ ಮಳಿ ಹುಡುಕ್ತಾನ, ವ್ಯಾಪಾರದವನು ಧಾರಣಿ ಹುಡುಕ್ತಾನ, ರಾಜಕೀಯದೋರು ಕುರ್ಚಿ ಹುಡುಕ್ತಾರ. ಅರ್ಥ ನೂರು ಆಗ್ಲಿ, ಮೂಲದ ಮಾತು ಇಂಥದ್ದು ಅಂತ ಬಂಡಿ ಹೊಡಿಯೋ ಹುಡುಗನೂ ಹೇಳ್ತಾನ.

ಕರಣಿಕ

ಕಾರ್ಣಿಕಕ್ಕೂ ಕರಣಿಕಕ್ಕೂ ಕೇಳಾಕ ಸ್ವಲ್ಪ ಫರಕು. ಕೆಲಸ ಮಾತ್ರ ಪೂರಾ ಬ್ಯಾರೆ. ಕಾರ್ಣಿಕ ಅಂದ್ರ ನುಡಿಯೋದು, ಕರಣಿಕ ಅಂದ್ರ ಬರಿಯೋನು, ಊರಿನ ಲೆಕ್ಕ ಇಡೋನು. ಮದ್ರಾಸ್ ಸರಕಾರದ ಕಾಗದದಾಗ ಅವನು ಕರಣಂ, ಮಂದಿ ಬಾಯಾಗ ಶಾನುಭೋಗ.

1800ರಾಗ ಹೈದರಾಬಾದಿನ ನಿಜಾಮ ನಮ್ಮ ಸೀಮಿನ ಕಂಪನಿ ಸರಕಾರಕ್ಕ ಬಿಟ್ಟುಕೊಟ್ಟ. ಅದಕ್ಕ ಈ ಭಾಗಕ್ಕ ದತ್ತ ಮಂಡಲ ಅಂತ ಹೆಸರು ಬಂತು. ಥಾಮಸ್ ಮನ್ರೋ 1800ರಿಂದ 1807ರ ತನಕ ಇಲ್ಲಿ ಕಲೆಕ್ಟರ್ ಆಗಿದ್ದ. ಹೊಲ ಹೊಲ ಅಳಿಸಿದ, ಯಾವ ಹೊಲ ಯಾರದ್ದು, ಎಷ್ಟು ಕಂದಾಯ ಅಂತ ರೈತರ ಹೆಸರಿಲೆ ಬರಸಿದ. ರೈತವಾರಿ ಅಂತ ಶಾಲಿಯೊಳಗ ಓದ್ತೀವಲ್ಲ, ಅದು ಇದೇ. ಅವತ್ತಿಂದ ನಮ್ಮ ಹಿರಿಯರ ಬದುಕು ಒಂದು ಪುಸ್ತಕದ ಸಾಲಿನ ಮ್ಯಾಲ ನಿಂತು ಬಿಡ್ತು. ಆ ಪುಸ್ತಕ ಶಾನುಭೋಗರ ಮನಿ ದಫ್ತರದಾಗ, ಬಟ್ಟಿ ಗಂಟಿನೊಳಗ.

ಊರಿಗೆ ಅಕ್ಷರ ಬರದಿದ್ದಾಗ ಅಕ್ಷರ ಬಂದ ಒಬ್ಬನ ಕೈಯಾಗ ಎಷ್ಟು ಬಲ ಇರ್ತೈತಿ ವಿಚಾರ ಮಾಡ್ರಿ. ಅವನು ಒಳ್ಳೆಯವನಾದ್ರ ಊರು ಬಚಾವು. ಇಲ್ಲಂದ್ರ ಒಂದು ಎಕರೆ ಅತ್ತಿತ್ತ ಆದ್ರ ಕೇಳೋರಿಲ್ಲ. ಆದ್ರೂ ಒಂದು ಮಾತು ಐತಿ: ಬರದೋನು ಇಂಥವನು ಅಂತ ಗೊತ್ತಿತ್ತು. ಅವನ ಕಟ್ಟಿಗೆ ಹೋಗಿ ಬೈದು ಬರಬಹುದಿತ್ತು.

1953ರಾಗ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲ ಮದ್ರಾಸಿಂದ ಮೈಸೂರಿಗೆ ಬಂದ್ವು. 1961ರ ಕಾಯ್ದೆಯಿಂದ ಅಪ್ಪಂದು ಮಗಗ ಬರೋ ಶಾನುಭೋಗಿಕಿ ರದ್ದಾಗಿ, ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಮನಿ ಬದಲಾತು, ಗಂಟು ಮಾತ್ರ ಅದೇ.

ಕಂಪ್ಯೂಟರ

ಕಂಪ್ಯೂಟರಿಗೆ ಪಹಣಿ ಬರಿಯಾಕ ಬರಬೇಕಂದ್ರ ಮದಲು ಕನ್ನಡ ಬರಬೇಕಲ್ಲ. ಆ ಕೆಲಸ ಮಾಡಿದೋರನ್ನ ನಾವು ನೆನಸಂಗಿಲ್ಲ. ಕೆ. ಪಿ. ರಾವ್ ಅವರು ಕನ್ನಡ ಅಕ್ಷರಕ್ಕ ಕೀಲಿಮಣೆ ಕೂಡಿಸಿಕೊಟ್ರು. ಒಂದೊಂದು ಒತ್ತಕ್ಷರಕ್ಕ ಒಂದೊಂದು ಕೀಲಿ ಬೇಕಾಗಲಾರದಂಗ, ವ್ಯಂಜನ, ಸ್ವರ ಸೇರಿಸಿ ಬರಿಯೋ ಹಂಗ. ಶೇಷಾದ್ರಿವಾಸು ಅವರ "ಬರಹ" 1998ರಾಗ ಬಂತು. ಕನ್ನಡ ಗಣಕ ಪರಿಷತ್ತು "ನುಡಿ" ಮಾಡಿತು. ಆಗ ಒಂದು ಯಂತ್ರದಾಗ ಬರದದ್ದು ಇನ್ನೊಂದರಾಗ ತೆರೆದ್ರ ಅಕ್ಷರ ಹೋಗಿ ಕಾಗಿ ಕಾಲು, ಗುಬ್ಬಿ ಕಾಲು ಕಾಣ್ತಿದ್ವು. ಯೂನಿಕೋಡ್ ಅನ್ನೋ ಒಂದೇ ಲೆಕ್ಕ ಎಲ್ಲರೂ ಒಪ್ಪಿದ ಮ್ಯಾಲ ಆ ತ್ರಾಸು ಕಡಿಮಿ ಆತು. ಇವತ್ತು ನೀವು ಫೋನಿನಾಗ ಕನ್ನಡದಾಗ ಬರಿಯೋದು ಅದರಿಂದನ.

2000ದ ಆಸುಪಾಸು "ಭೂಮಿ" ಯೋಜನಾ ಬಂತು. ರಾಜ್ಯದ 177 ತಾಲ್ಲೂಕಿನಾಗ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ್ವು. ಸುಮಾರು 9 ಸಾವಿರ ಲೆಕ್ಕಿಗರ ಕೈಯಾಗಿದ್ದ ಪುಸ್ತಕ ತಾಲ್ಲೂಕು ಕಚೇರಿಯ ಒಂದು ಕಿಟಕಿಗೆ ಬಂತು. ಆಗ 15 ರೂಪಾಯಿ ಕೊಟ್ರ ಪಹಣಿ ಸಿಗ್ತಿತ್ತು. ಕೈಲೆ ಬರದ ಪಹಣಿ ನಡಿಯಂಗಿಲ್ಲ ಅಂತ ಆತು.

ಇದರಾಗ ಖರೇನ ಒಳ್ಳೇದು ಐತಿ. ಖಾತೆ ಬದಲಾವಣಿ ಅರ್ಜಿ ಬಂದ ಸಾಲಿನಾಗನ ಹೋಗಬೇಕು, ಯಾರೋ ದೊಡ್ಡೋರು ಅಂತ ಮುಂದ ತಳ್ಳಾಕ ಬರಂಗಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟು ಒಳಗ ಹೋಗಬೇಕು, ಯಾರು ಬದಲಿ ಮಾಡಿದ್ರು ಅನ್ನೋದು ದಾಖಲಾಗಿ ಉಳೀತೈತಿ. ದೇಶದ ಮಂದಿಯೆಲ್ಲ ಬಂದು ನೋಡಿ ಹೋದ್ರು.

ಆದ್ರ ಬಲ ಅನ್ನೋದು ನೀರಿದ್ದಂಗ. ಒಂದು ಕಡೆ ಒಡ್ಡು ಕಟ್ಟಿದ್ರ ಇನ್ನೊಂದು ಕಡೆ ಹರೀತೈತಿ. ಊರ ಕಟ್ಟಿ ಮ್ಯಾಲ ಇದ್ದ ತಪ್ಪು ತಿದ್ದಿಸಾಕ ಈಗ ತಾಲ್ಲೂಕಿಗೆ ಬಸ್ ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು, ಅರ್ಜಿ ಬರಿಯೋನಿಗೆ ರೊಕ್ಕ ಕೊಡಬೇಕು. 2007ರಾಗ ಸಾಲೊಮನ್ ಬೆಂಜಮಿನ್ ಮತ್ತು ಜತಿಯೋರು ಬೆಂಗಳೂರು ಸುತ್ತಿನ ಭೂಮಿ ದಾಖಲೆ ಅಭ್ಯಾಸ ಮಾಡಿ, ಒಂದೇ ಕಡೆ ಕೂಡಿಟ್ಟ ದಾಖಲೆ ಸಣ್ಣ ರೈತರಿಗಿಂತ ದೊಡ್ಡ ಜಮೀನು ಕೊಳ್ಳೋರಿಗೇ ಹೆಚ್ಚು ಅನುಕೂಲ ಆತು, ಲಂಚನೂ ಹೋಗಲಿಲ್ಲ ಅಂತ ಬರದ್ರು. ಕಂಪ್ಯೂಟರ್ ಬಂದ್ರ ರಾಜಕೀಯ ಹೋಗ್ತೈತಿ ಅನ್ನೋ ಮಾತು ನಾನು ಒಪ್ಪಂಗಿಲ್ಲ. ರಾಜಕೀಯ ಕಾಣಲಾರದಂಗ ಒಳಗ ಹೋಗಿ ಕುಂದರ್ತೈತಿ, ಅಷ್ಟೇ.

ಈಗ ಚಿಗವ್ವನ ಪ್ರಶ್ನೆಗೆ ಬರ್ತೀನಿ. ಕಂಪ್ಯೂಟರಿಗೆ ಹೊಲ ಗೊತ್ತಿಲ್ಲ, ಬದು ಗೊತ್ತಿಲ್ಲ, ನಿಮ್ಮ ಅಪ್ಪಗ ಎಷ್ಟು ಮಕ್ಕಳು ಅನ್ನೋದಂತೂ ಗೊತ್ತೇ ಇಲ್ಲ. ಕೊಟ್ಟದ್ದನ್ನ ಇಟ್ಕೊಂತೈತಿ, ಕೇಳಿದಾಗ ತೋರಿಸ್ತೈತಿ. ಅಪ್ಪ ತೀರಿಕೊಂಡ ಮ್ಯಾಲ ಪೌತಿ ಖಾತೆ ಮಾಡಸ್ತಾರಲ್ಲ, ಅದಕ್ಕ ವಂಶವೃಕ್ಷ ಬೇಕು. ಆ ವಂಶವೃಕ್ಷದಾಗ ಎಷ್ಟೋ ಮನಿಯೊಳಗ ಗಂಡು ಮಕ್ಕಳ ಹೆಸರು ಅಷ್ಟೇ ಹೋಗ್ತಾವ. "ಹೆಣ್ಣುಮಕ್ಕಳು ಕೊಟ್ಟ ಮನಿಗೆ ಹೋಗ್ಯಾರ, ಅವರ ಹೆಸರು ಯಾಕ" ಅಂತ. ಹಿಂದ ಶಾನುಭೋಗ ಹೆಸರು ಬಿಟ್ರ ಬಿಟ್ಟ ಕೈ ಕಾಣ್ತಿತ್ತು. ಈಗ ಅಚ್ಚಾಗಿ, ಸರಕಾರದ ಗುರುತಿನ ಸಮೇತ ಬರ್ತೈತಿ. ನೋಡಿದೋರು "ಕಂಪ್ಯೂಟರಿನಾಗೇ ಇಲ್ಲ ಬಿಡ್ರಿ" ಅಂತಾರ. ಇಲ್ಲದ್ದನ್ನ ಮಾಡಿದ್ದು ಕಂಪ್ಯೂಟರಲ್ಲ, ಮನಿಯೊಳಗ ಕುಂತು ಪಟ್ಟಿ ಬರದ ಕೈ.

ಕಾಯ್ದೆ ಬ್ಯಾರೆನ ಹೇಳ್ತೈತಿ. ಕರ್ನಾಟಕ 1994ರಾಗನ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯೊಳಗ ಹುಟ್ಟಿನಿಂದ ಪಾಲು ಕೊಟ್ಟಿತು, ಆದ್ರ ಅಷ್ಟರಾಗ ಮದುವಿ ಆದೋರನ್ನ ಬಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವಿ ಆದೋರು, ಆಗದೋರು ಅನ್ನೋ ಭೇದ ತಗದು ಹಾಕಿತು. 2020ರ ಆಗಸ್ಟಿನಾಗ ಸುಪ್ರೀಂ ಕೋರ್ಟು, ಕಾಯ್ದೆ ಬಂದಾಗ ಅಪ್ಪ ಇರ್ಲಿ ಬಿಡ್ಲಿ, ಮಗಳಿಗೆ ಹಕ್ಕು ಐತಿ ಅಂದಿತು. 2004ರ ಡಿಸೆಂಬರ್ 20ಕ್ಕಿಂತ ಮದಲು ಕಾಯ್ದೆ ಪ್ರಕಾರ ಪಾಲಾಗಿದ್ರ ಮಾತ್ರ ಅದನ್ನ ಕೆದಕಾಕ ಬರಂಗಿಲ್ಲ. ಅಂದ್ರ ಹಕ್ಕು ದಿಲ್ಲಿಯಾಗ ಗೆದ್ದು ಬಂದೈತಿ, ವಂಶವೃಕ್ಷದಾಗ ಸೋಲ್ತೈತಿ.

ಕೈಯಾಗಿನ ಫೋನು

ಈಗ ಎದುರು ಮನಿ ಅಕ್ಕನ ಪ್ರಶ್ನೆ. ಕಾರ್ಣಿಕ ಈಗ ಟಿವಿಯಾಗ ಬರ್ತೈತಿ. ಗೊರವಯ್ಯನೋರು ಕೆಳಗ ಬೀಳೋದ್ರಾಗ ಕೆಂಪು ಪಟ್ಟಿಯೊಳಗ ಅರ್ಥನೂ ಬಂದು ಬಿಡ್ತೈತಿ, ಇಂಥ ಪಕ್ಷಕ್ಕ ಒಳ್ಳೇದು, ಇಂಥವರಿಗೆ ಗಂಡಾಂತರ ಅಂತ. ಸಂಜಿಗೆ ಫೋನಿಗೆ ಬರೋ ಹೊತ್ತಿಗೆ ಮಾತು ಯಾವ್ದು, ಅರ್ಥ ಯಾವ್ದು ತಿಳಿಯಂಗಿಲ್ಲ. ಮರಡಿಯೊಳಗ ಬ್ಯಾರೆ ಬ್ಯಾರೆ ಇದ್ದ ಎರಡೂ ಇಲ್ಲಿ ಕಲಸಿದ ಹಿಟ್ಟಾಗಿರ್ತಾವ. ಮ್ಯಾಲ ಎಲ್ಲಾ ಪಕ್ಷದೋರೂ ಸಂಬಳ ಕೊಟ್ಟು ಹುಡುಗರನ್ನ ಇಟ್ಟಾರ, ಹಿಟ್ಟು ನಾದಾಕ.

ಇದು ಬರೇ ಮಾತಿನ ಆಟ ಆಗಿದ್ರ ಬಿಡಬಹುದಿತ್ತು. 2018ರಾಗ ಮಕ್ಕಳ ಕಳ್ಳರು ಬಂದಾರ ಅನ್ನೋ ಸುದ್ದಿ ಫೋನಿನಾಗ ಹಬ್ಬಿತಲ್ಲ, ನೆನಪೈತೇನು? ಆ ಜುಲೈ 13ಕ್ಕ ಬೀದರ ಜಿಲ್ಲಾಕ್ಕ ಹೈದರಾಬಾದಿನ ಕೆಲವು ಗೆಳೆಯರು ಕಾರಿನಾಗ ಬಂದಿದ್ರು. ದಾರಿಯಾಗ ಶಾಲಿ ಮಕ್ಕಳಿಗೆ ಚಾಕಲೇಟ್ ಕೊಟ್ರು. ಮಂದಿಗೆ ಸಂಶಯ ಬಂತು. ಇವರು ಹೆದರಿ ಕಾರು ಓಡಿಸಿದ್ರು. ಕಾರಿಗಿಂತ ಮದಲು ಸುದ್ದಿ ಮುಂದಿನ ಊರಿಗೆ ಮುಟ್ಟಿತ್ತು. ಮುರ್ಕಿ ಅನ್ನೋ ಊರಾಗ ದಾರಿ ಕಟ್ಟಿ ಹೊಡದ್ರು. ಬಿಡಿಸಾಕ ಹೋದ ಪೊಲೀಸರೂ ಪೆಟ್ಟು ತಿಂದ್ರು. ಒಬ್ಬ ಸತ್ತು ಹೋದ. ಅವನೂ ನನ್ನಂಗ ಸಾಫ್ಟ್‌ವೇರ್ ಕೆಲಸದವನು. ಮನಿಯಾಗ ಅವಗೂ ಒಂದು ಸಣ್ಣ ಕೂಸು ಇತ್ತು.

ಆ ಸುದ್ದಿ ಕಳಿಸಿದೋರು ಕೊಲೆಗಾರರೇನಲ್ಲ. "ನಮ್ಮ ಮಕ್ಕಳು ಹುಷಾರಾಗಿರ್ಲಿ" ಅಂತ ಕಳಿಸಿದ ತಾಯಂದಿರೂ ಅದರಾಗ ಇದ್ದೇ ಇರ್ತಾರ. ಸುಳ್ಳು ಸುದ್ದಿ ಹರಡೋದು ಬರೇ ಕೆಟ್ಟೋರಿಂದಲ್ಲ, ಕಾಳಜಿ ಮಾಡೋರಿಂದ. ಅದೇ ತಿಂಗಳು ವಾಟ್ಸಾಪ್ ಕಂಪನಿ ನಮ್ಮ ದೇಶದಾಗ ಒಂದು ಸಂದೇಶ ಒಮ್ಮಿಗೆ 5 ಕಡೆ ಮಾತ್ರ ಮುಂದ ಕಳಿಸೋ ಹಂಗ ಮಾಡಿತು. 2020ರಾಗ ಭಾಳ ಸಲ ತಿರುಗಿದ್ದನ್ನ ಒಮ್ಮಿಗೆ ಒಂದೇ ಕಡೆ ಅಂತ ಮಾಡಿತು. ಎರಡು ಬಾಣದ ಗುರುತು ಕಂಡ್ರ, ಅದು ಊರೂರು ತಿರುಗಿ ಬಂದದ್ದು ಅಂತ ತಿಳೀರಿ.

ಮದಲು ಹೇಳಿದೋರು ಯಾರು ಅಂತ ಕಂಪನಿ ಹುಡುಕಿ ಕೊಡಬೇಕು ಅಂತ 2021ರಾಗ ಸರಕಾರ ನಿಯಮ ಮಾಡಿತು. ಹಂಗ ಮಾಡಬೇಕಂದ್ರ ಎಲ್ಲರ ಮಾತಿನ ಬೀಗ ಒಡೀಬೇಕಾಗ್ತೈತಿ ಅಂತ ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋತು. ನನ್ನ ಅಭಿಪ್ರಾಯ ಕೇಳಿದ್ರ, ಬೀಗ ಇರ್ಲಿ. ಅಕ್ಕ ತಂಗಿ ಕಷ್ಟ ಸುಖ ಹೇಳ್ಕೊಳ್ಳೋದು, ತವರಿಗೆ ಗಂಡನ ಮನಿ ಸಂಗತಿ ಬರಿಯೋದು ಅದೇ ಬೀಗದೊಳಗ. ಒಬ್ಬ ಸುಳ್ಳ ಹಿಡಿಯಾಕ ಊರ ಎಲ್ಲಾ ಪೆಟ್ಟಿಗಿ ಬೀಗ ಒಡದ್ರ, ನಾಳೆ ಕೀಲಿ ಯಾರ ಕೈಯಾಗ ಇರ್ತೈತಿ ಹೇಳಾಕ ಬರಂಗಿಲ್ಲ. ಸರಕಾರ ಬದಲಾಗ್ತಾವ, ಕೀಲಿ ಉಳೀತೈತಿ. ಅದಕ್ಕ ತಡಿಯೋ ಕೆಲಸ ನಮ್ಮ ಬೆರಳಿನಾಗನ ಆಗಬೇಕು.

ಈಗಂತೂ ಯಾರ ದನಿ, ಯಾರ ಮುಖ ಬೇಕಾದ್ರೂ ಯಂತ್ರ ಮಾಡಿ ಕೊಡ್ತೈತಿ. "ಕಣ್ಣಾರೆ ನೋಡೇನಿ" ಅನ್ನೋ ಮಾತಿಗೂ ಬೆಲಿ ಹೋತು. ಹಂಗಾಗಿ ಎರಡು ಪ್ರಶ್ನೆಗೂ ನನ್ನ ಉತ್ತರ ಇಷ್ಟು: ಯಂತ್ರದಾಗ ಬಂದದ್ದು ಅನ್ನೋದು ಖರೇ ಅನ್ನಾಕ ಕಾರಣ ಅಲ್ಲ. ಹೇಳಿದೋರು ಯಾರು, ಬರದೋರು ಯಾರು, ತಪ್ಪಾದ್ರ ಯಾರ ಬಾಗಿಲಿಗೆ ಹೋಗಬೇಕು? ಈ ಮೂರಕ್ಕ ಉತ್ತರ ಸಿಗದ ಸುದ್ದಿ ನಿಮ್ಮ ಫೋನಿನಾಗನ ನಿಲ್ಲಲಿ. ಉತ್ತರ ಸಿಗದ ಕಾಗದಕ್ಕ ಸಹಿ ಹಾಕಬ್ಯಾಡ್ರಿ.

ಪಂಚಮಿಗೆ ತವರಿಗೆ ಹೋಗ್ತೀರಲ್ಲ, ಉಂಡಿ ತಿಂದು, ಜೋಕಾಲಿ ಆಡಿದ ಮ್ಯಾಲ ಒಂದು ಸಲ ಪಹಣಿ ತಗಸಿ ನೋಡ್ರಿ. 9ನೇ ಕಾಲಮ್ಮಿನಾಗ ಯಾರ ಹೆಸರು ಐತಿ, 11ರಾಗ ಯಾವ ಸಾಲ ಐತಿ, ಓದ್ರಿ. ಓದಾಕ ಬರದಿದ್ರ ಮಗಳ ಕೈಲೆ ಓದಸ್ರಿ. ವಂಶವೃಕ್ಷದಾಗ ನಿಮ್ಮ ಹೆಸರು ಐತೇನು ಕೇಳ್ರಿ. ಅಣ್ಣತಮ್ಮರ ಕೂಡ ಜಗಳಾಡ್ರಿ ಅಂತ ನಾನು ಹೇಳಾಕತ್ತಿಲ್ಲ. ಪಾಲು ತಗೊಳ್ಳೋದು, ಬಿಡೋದು ನಿಮ್ಮಿಷ್ಟ. ಬಿಡೋದಾದ್ರ ತಿಳದು ಬಿಡ್ರಿ, ಹೆಸರು ಬರಸಿಕೊಂಡು ಬಿಡ್ರಿ.