ಪ್ಲಿಮತ್‌ನ ಹೊಟ್ಟೆಯಲ್ಲಿ ಪರ್ಕಿನ್ಸ್

ಐವತ್ತರ ದಶಕದ ಅಮೆರಿಕನ್ ಕಾರು ಕಂಡರೆ ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಬಾನೆಟ್ ಎತ್ತಿ ತೋರಿಸಿ ಅನ್ನುತ್ತೇನೆ. ಎಷ್ಟೋ ಮಾಲೀಕರಿಗೆ ಮುಜುಗರ. ಹೊರಗೆ ಪ್ಲಿಮತ್, ಒಳಗೆ ಡೀಸೆಲ್ ಎಂಜಿನ್ ಎಂಬುದು ಹೊರಗಿನವರಿಗೆ ಹೇಳಬಾರದ ಮನೆಯ ಗುಟ್ಟೆಂದು ಅವರ ಎಣಿಕೆ. ಬೀಡಿ ಎಂಬ ಊರಿನಲ್ಲಿ ಹುಟ್ಟಿ, ಖಾನಾಪುರ, ಬೆಳಗಾವಿಯ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಂಡ ನನಗೆ ಆ ಕಾರಿನಲ್ಲಿ ನೋಡಬೇಕಾದದ್ದೇ ಅದು.

ಈ ಕಾರುಗಳೆಲ್ಲ ಪೂರಾ ತಯಾರಾಗಿ ಹಡಗೇರಿ ಬಂದವಲ್ಲ. ಉದ್ಯಮಿ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. 1947ರಿಂದ ಮುಂಬಯಿಯ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಭಾಗಗಳನ್ನು ತರಿಸಿ ಜೋಡಿಸತೊಡಗಿದರು. ಮುಂದಿನ ಜಾಲರಿ, ಬ್ಯಾಡ್ಜು ಬದಲಾದರೆ ಅದೇ ಗಾಡಿ ಒಮ್ಮೆ ಪ್ಲಿಮತ್, ಒಮ್ಮೆ ಡಾಡ್ಜ್, ಇನ್ನೊಮ್ಮೆ ಡಿಸೋಟೊ. ನಿಜ ಹೇಳಬೇಕೆಂದರೆ ಇವು ಬೆಂಗಳೂರಿನಲ್ಲಿ ತಯಾರಾಗಬೇಕಿತ್ತು. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಕಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು. ವಾಲಚಂದರು ಮುಂದೆ ಬಂದರು, ಮೈಸೂರು ಸಂಸ್ಥಾನವೂ ಕೈಜೋಡಿಸಲು ತಯಾರಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಅದೇ ವಾಲಚಂದರು, ಅದೇ ಸಂಸ್ಥಾನ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದ. ಕಾರು ಬೇಡ, ವಿಮಾನ ಆಗಬಹುದು! ಯುದ್ಧಕಾಲದ ಸರ್ಕಾರದ ಲೆಕ್ಕಾಚಾರ ನಮಗೆ ತಿಳಿಯುವಂಥದ್ದಲ್ಲ ಬಿಡಿ.

1953ರ ಟ್ಯಾರಿಫ್ ಕಮಿಷನ್ ವರದಿಯಾದ ಮೇಲೆ, ಬರೀ ಜೋಡಿಸಿ ಮಾರುವ ಕಂಪನಿಗಳಿಗೆ ಇಲ್ಲಿ ಜಾಗ ಉಳಿಯಲಿಲ್ಲ. ಶೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಿಂದ ಎದ್ದುಹೋಯಿತು, ಫೋರ್ಡ್ ಕೂಡ ಹೋಯಿತು. ಹೊಸ ಕಾರು ತರಿಸಲು ಲೈಸೆನ್ಸಿಲ್ಲ, ಬಿಡಿಭಾಗ ಬರುವುದಿಲ್ಲ. ಇದ್ದದ್ದನ್ನೇ ಓಡಿಸಬೇಕು. ನಮ್ಮ ಅನಮೋಡ ಘಾಟಿನ ಕೆಳಗೆ ಗೋವಾದಲ್ಲಿ ಮಾತ್ರ ಬೇರೆಯೇ ಕಾಲ ನಡೆದಿತ್ತು. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರದು, ಆಮದಿಗೆ ಇಲ್ಲಿನಷ್ಟು ಬಿಗಿಯಿಲ್ಲ. ಮರ್ಸಿಡಿಸ್ ಅಲ್ಲಿ ಬಾಡಿಗೆ ಟ್ಯಾಕ್ಸಿ!

ಶ್ರೀಮಂತರ ಕಾರು ಹಳತಾದ ಮೇಲೆ ಟ್ಯಾಕ್ಸಿಯಾಗಿ ಹಳ್ಳಿ ಕಡೆ ಬಂತು. ಅದಕ್ಕೆ ಕಾರಣ ಅದರ ಅಂದವಲ್ಲ, ಒಳಗಿನ ಜಾಗ. ಗೇರಿನ ಕೋಲು ಸ್ಟಿಯರಿಂಗ್ ಪಕ್ಕದಲ್ಲಿ, ನಾವು ಹ್ಯಾಂಡ್ ಗೇರ್ ಅನ್ನುವುದು. ಹೀಗಾಗಿ ಮುಂದಿನ ಉದ್ದ ಸೀಟಿನಲ್ಲಿ ಕಾಲಿಡಲು ಅಡ್ಡಿಯಿಲ್ಲ, ಡ್ರೈವರ್ ಬಿಟ್ಟು ಮೂವರು. ಹಿಂದೆ ಕೂತವರ ತೊಡೆಯ ಮೇಲೆ ಮಕ್ಕಳು, ಡಿಕ್ಕಿಯಲ್ಲಿ ಭತ್ತದ ಚೀಲ. ಇನ್ನೊಂದು ಅನುಕೂಲ ಡೆಟ್ರಾಯಿಟ್‌ನಿಂದಲೇ ಬಂದದ್ದು. ಕ್ರೈಸ್ಲರ್ ಅಧ್ಯಕ್ಷ ಕೆ.ಟಿ. ಕೆಲ್ಲರ್, ಗಂಡಸರು ಹ್ಯಾಟು ತೆಗೆಯದೆ ಕೂರುವಷ್ಟು ಮಾಡು ಎತ್ತರವಿರಲೇಬೇಕೆಂದು ಹಟ ಹಿಡಿದಿದ್ದರು. ಅದಕ್ಕೇ ಅವರ ಕಾರುಗಳು ಡೊಬ್ಬಗೆ ಕಾಣುತ್ತವೆಂದು ಅಮೆರಿಕದಲ್ಲಿ ನಕ್ಕರಂತೆ, ಮಾರಾಟಕ್ಕೂ ಪೆಟ್ಟು ಬಿತ್ತು. ಬೀಡಿಯಿಂದ ನಂದಗಡದ ಸಂತೆಗೆ ಪಟಕಾ ಸುತ್ತಿ ಹೊರಟ ಹಿರಿಯರಿಗೆ ಕೆಲ್ಲರ್ ಸಾಹೇಬರ ಹಟ ಸರಿಯಾಗಿ ಒದಗಿತು.

ಆರು ಸಿಲಿಂಡರಿನ 3.6 ಲೀಟರ್ ಎಂಜಿನ್ ಮಾತ್ರ ಪೆಟ್ರೋಲು ಕುಡಿಯುತ್ತಿತ್ತು. ಆಳು ತುಂಬಿದರೆ ಲೀಟರಿಗೆ ಐದೋ ಆರೋ ಕಿಲೋಮೀಟರು. 1973ರ ಕೊನೆಗೆ ಅರಬ್ ದೇಶಗಳ ತೈಲ ಬಿಕ್ಕಟ್ಟು ಬಂದು ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ದರ ನಾಲ್ಕು ಪಟ್ಟಾಯಿತು. ಪೆಟ್ರೋಲಿನ ಮೇಲೆ ಓಡುವ ದೊಡ್ಡ ಟ್ಯಾಕ್ಸಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಉಳಿದ ದಾರಿ ಎರಡೇ: ಗುಜರಿ, ಇಲ್ಲವೇ ಡೀಸೆಲ್.

ಮದ್ರಾಸಿನ ಸಿಂಪ್ಸನ್ ಕಂಪನಿ ಇಂಗ್ಲೆಂಡಿನ ಪರ್ಕಿನ್ಸ್ ಎಂಜಿನ್‌ಗಳನ್ನು ಇಲ್ಲೇ ಮಾಡುತ್ತಿತ್ತು. ಅದರಲ್ಲಿ ನಾಲ್ಕು ಸಿಲಿಂಡರಿನ ಪಿ-4 ಪ್ಲಿಮತ್‌ನ ಬಾನೆಟ್ ಕೆಳಗೆ ಹಿಡಿಸುತ್ತದೆ. ಹಿಡಿಸುವುದು ಬೇರೆ, ಕೂರಿಸುವುದು ಬೇರೆ. ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ತೂತಿಗೆ ತೂತು ಕೂಡುವುದಿಲ್ಲ. ನಡುವೆ ದಪ್ಪ ಪ್ಲೇಟು ಕೊರೆಸಬೇಕು, ಅದು ಕೂದಲೆಳೆ ಓರೆಯಾದರೂ ಕ್ಲಚ್ಚು ಹಾಳು. ಮೌಂಟಿಂಗ್ ಹೊಸದಾಗಿ ಬೆಸೆಯಬೇಕು. ಡೀಸೆಲ್ ಎಂಜಿನ್ನಿನ ಭಾರಕ್ಕೆ ಮೂತಿ ಕುಸಿಯುತ್ತದೆ, ಮುಂದಿನ ಸ್ಪ್ರಿಂಗಿಗೆ ಬಲ ಕೊಡಬೇಕು. ಕಾರಿನ 6 ವೋಲ್ಟಿನ ಬ್ಯಾಟರಿಯಿಂದ ಡೀಸೆಲ್ ತಿರುಗುವುದೇ ಇಲ್ಲ. 12 ವೋಲ್ಟ್ ಹಾಕಿದರೆ ವೈರಿಂಗು, ಬಲ್ಬು, ಡೈನಮೊ ಎಲ್ಲ ಬದಲು. ಬೆಳಗಾವಿಯಲ್ಲಿ ಫೌಂಡ್ರಿ, ಲೇಥುಗಳಿಗೆ ಬರವಿರಲಿಲ್ಲ, ಉದ್ಯಮಬಾಗಿನಲ್ಲಿ ತುಂಡು ಕಬ್ಬಿಣ ಒಯ್ದರೆ ಬೇಕಾದ ಆಕಾರದಲ್ಲಿ ಮರಳಿ ಬರುತ್ತಿತ್ತು. ಕೆಲಸ ಮುಗಿದ ಗಾಡಿಗೆ ಮೊದಲಿನ ವೇಗ ಇಲ್ಲ. ನಿಂತಲ್ಲಿ ಸ್ಟಿಯರಿಂಗ್ ಹೊರಳಿಸಲು ಎರಡೂ ತೋಳಿನ ಬಲ ಬೇಕು. ನಡುಕಕ್ಕೆ ಬಾಗಿಲಿನ ತಿರುಪುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಆದರೆ ಖರ್ಚು ಅರ್ಧಕ್ಕಿಳಿಯಿತು, ಗಾಡಿ ದುಡಿಯಿತು.

ಕ್ಯೂಬಾದಲ್ಲೂ ಹೀಗೇ ಆಯಿತು. 1959ರ ಕ್ರಾಂತಿಯ ನಂತರ ಅಮೆರಿಕ ವ್ಯಾಪಾರ ನಿಲ್ಲಿಸಿತು, ಹವಾನಾದ ಮಿಸ್ತ್ರಿಗಳು ಶೆವರ್ಲೆಗಳಿಗೆ ರಷ್ಯದ ಎಂಜಿನ್, ಸಿಕ್ಕ ಡೀಸೆಲ್ ಎಂಜಿನ್ ಕೂರಿಸಿದರು. ಅವರ ಕೈಚಳಕವನ್ನು ಜಗತ್ತು ಕೊಂಡಾಡುತ್ತದೆ. ನಮ್ಮ ಮಿಸ್ತ್ರಿಗಳು ಮಾಡಿದ್ದಕ್ಕೆ ಮಾತ್ರ ‘ಗಾಡಿ ಕೆಡಿಸಿದರು’ ಎಂಬ ಹೆಸರು.

ಕಾನೂನೂ ಹಾಗೇ ಹೇಳುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು: ನಂಬರಿನಲ್ಲಿ ‘ವಿಎ’ ಅಕ್ಷರ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ ಯಾವುದೂ ಮಾರ್ಪಾಡಾಗಿರಬಾರದು. ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಕಾರಿಗೆ ಆ ಗೌರವ ಸಲ್ಲುತ್ತದೆ. ಮೂರು ಹೋಬಳಿಯ ಜನರನ್ನು ಹೊತ್ತ ಕಾರಿಗೆ ಇಲ್ಲ.

ಮೊನ್ನೆ ಬೆಳಗಾವಿಯ ಹುಡುಗನೊಬ್ಬ ಅಂಥದೇ ಪ್ಲಿಮತ್ ಕೊಂಡು ತಂದ. ತುಕ್ಕು ಕೆತ್ತಿ, ಬಣ್ಣ ಹೊಡೆಸಿ, ಪವರ್ ಸ್ಟಿಯರಿಂಗ್, ಎಸಿ ಹಾಕಿಸುವ ಆಸೆ.

“ಕಾಕಾ, ಈ ಡೀಸೆಲ್ ತಗದು ಒರಿಜಿನಲ್ ಎಂಜಿನ್ ಹುಡುಕೋಣೇನ್ರಿ?”

“ಪೆಟ್ರೋಲ್ ಎಂಜಿನ್ ಇದರಾಗ ಇಪ್ಪತ್ತು ವರ್ಷ ದುಡದೈತಿ, ಪರ್ಕಿನ್ಸ್ ನಲವತ್ತು ವರ್ಷ ದುಡದೈತಿ. ಯಾವುದನ್ನ ಹೊರಗ ಹಾಕ್ತೀಯಪಾ?”

ಅವನು ಆರ್‌ಸಿ ತೆಗೆದು ನೋಡಿದ. ಇಂಧನದ ಕಾಲಮ್ಮಿನಲ್ಲಿ ಡೀಸೆಲ್ ಎಂದೇ ಇತ್ತು. ‘ವಿಎ’ ನಂಬರಿನ ಆಸೆ ಬಿಟ್ಟು, ಐದು ವರ್ಷಕ್ಕೊಮ್ಮೆ ನವೀಕರಿಸುವ ಮಾಮೂಲಿ ನೋಂದಣಿಯಲ್ಲೇ ಇಟ್ಟುಕೊಳ್ಳುತ್ತಾನಂತೆ. ಇಂಧನ ಪಂಪು ಕ್ಯಾಲಿಬ್ರೇಷನ್ನಿಗೆ ಹೋಗಿದೆ. ಎಸಿ ಕಂಪ್ರೆಸರಿಗೆ ಬ್ರಾಕೆಟ್ ಮಾಡಿಸಲು ಅಳತೆ ಬರೆದುಕೊಟ್ಟಿದ್ದೇನೆ, ಉದ್ಯಮಬಾಗಿನ ಲೇಥಿನವ ಸೋಮವಾರ ಕೊಡುತ್ತೇನೆ ಅಂದಿದ್ದಾನೆ.